ಕಲ್ಲಿನಿಂದ ಬೆಳಕು ಪಡೆದ ಜೇಮ್ಸ್ ಯಂಗ್

ಸುಮಾರು 200 ವರ್ಷಗಳ ಹಿಂದೆ ಲೋಕದ ಬಹುಪಾಲು ಜನರಿಗೆ ಸೂರ್ಯಾಸ್ತವೆಂದರೆ ದಿನದ ಕೆಲಸದ ಮುಕ್ತಾಯವಾಗಿತ್ತು. ನಮ್ಮ ನಾಡಿನಲ್ಲಿ ಹೊಂಗೆ, ಹರಳು, ಹಿಪ್ಪೆಗಳ ಎಣ್ಣೆಯ ಹಣತೆಗಳು ಮಿಣುಕುತ್ತಿದ್ದರೆ, ಯೂರೋಪಿನಲ್ಲಿ ಪ್ರಾಣಿಗಳ ಕೊಬ್ಬಿನಿಂದ ಮಾಡಿದ ಬತ್ತಿಗಳೂ ತಿಮಿಂಗಿಲದ ಎಣ್ಣೆಯ ದೀಪಗಳೂ ಉರಿಯುತ್ತಿದ್ದವು. ಕೊಬ್ಬಿನ ಬತ್ತಿ ಹೊಗೆಯುಗುಳಿ ದುರ್ನಾತ ಬೀರುತ್ತಿತ್ತು. ತಿಮಿಂಗಿಲದ ಎಣ್ಣೆ ಬಡವನ ಕೈಗೆ ಎಟುಕುತ್ತಿರಲಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಲ್ಲಿ ಯಂತ್ರಗಳ ಸಂಖ್ಯೆ ದಿನದಿನಕ್ಕೆ ಹೆಚ್ಚುತ್ತಿದ್ದು, ಅವುಗಳ ಕೀಲುಗಳಿಗೆ ಹಾಕಲು ಬೇಕಾದ ಎಣ್ಣೆಗೂ ಅಭಾವ ತಲೆದೋರಿತ್ತು. ಇಂಥ ಸಮಯದಲ್ಲಿ ಭೂಗರ್ಭದ ಕಲ್ಲನ್ನು ಕಾಯಿಸಿ ಎಣ್ಣೆ ತೆಗೆದು, ಅದನ್ನು ಒಂದು ದೊಡ್ಡ ಉದ್ಯಮವಾಗಿ ಬೆಳೆಸಿದವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಜೇಮ್ಸ್ ಯಂಗ್. ಜನರು ಪ್ರೀತಿಯಿಂದ ಅವನನ್ನು ಪ್ಯಾರಫಿನ್ ಯಂಗ್ ಎಂದೇ ಕರೆದರು.

ಜೇಮ್ಸ್ ಯಂಗ್ 1811ರ ಜುಲೈ 13ರಂದು ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆ ಜಾನ್ ಯಂಗ್ ಮರಗೆಲಸದವನು. ಮನೆಯಲ್ಲಿ ಸಿರಿವಂತಿಕೆಯಿರಲಿಲ್ಲ. ಬಾಲಕ ಜೇಮ್ಸ್ ಎಳೆಯ ವಯಸ್ಸಿನಲ್ಲಿಯೇ ತಂದೆಯ ಬಳಿ ಕೆಲಸ ಕಲಿಯತೊಡಗಿದನು. ಉಳಿ, ಬಾಚಿ, ಗರಗಸಗಳು ಅವನ ಮೊದಲ ಪಾಠೋಪಕರಣಗಳಾದವು. ಅಳತೆ ತಪ್ಪಿದರೆ ಕೀಲು ಕೂಡುವುದಿಲ್ಲವೆಂಬ ಅರಿವು ಅವನಿಗೆ ಅಲ್ಲಿಯೇ ಮೂಡಿತು. ಮುಂದೆ ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ತಾನೇ ಜೋಡಿಸಿಕೊಳ್ಳಲು ಈ ಕೈಚಳಕ ಅವನಿಗೆ ತುಂಬ ನೆರವಾಯಿತು.

ಹಗಲು ದುಡಿಮೆ, ರಾತ್ರಿ ಓದು ಎಂಬುದು ಅವನ ಯೌವನದ ದಿನಚರಿಯಾಯಿತು. ಗ್ಲಾಸ್ಗೋದಲ್ಲಿ ದುಡಿಯುವ ಜನರಿಗಾಗಿ ಸಂಜೆಯ ತರಗತಿಗಳನ್ನು ನಡೆಸುತ್ತಿದ್ದ ಆಂಡರ್ಸನ್ ಕಾಲೇಜಿಗೆ ಅವನು ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿದನು. 1830ರಲ್ಲಿ ಅಲ್ಲಿಗೆ ರಸಾಯನಶಾಸ್ತ್ರದ ಅಧ್ಯಾಪಕನಾಗಿ ಬಂದವನು ಥಾಮಸ್ ಗ್ರಹಾಂ. ಅನಿಲಗಳ ಹರಡುವಿಕೆಯನ್ನು ಕುರಿತ ನಿಯಮದಿಂದ ಲೋಕಪ್ರಸಿದ್ಧನಾದ ಗ್ರಹಾಂ ಈ ಮರಗೆಲಸದ ಹುಡುಗನಲ್ಲಿದ್ದ ಪ್ರತಿಭೆಯನ್ನು ಗುರುತಿಸಿ ಅವನನ್ನು ತನ್ನ ಸಹಾಯಕನನ್ನಾಗಿ ಮಾಡಿಕೊಂಡನು. ಕೆಲವೊಮ್ಮೆ ಗುರುವಿನ ಬದಲಾಗಿ ಶಿಷ್ಯನೇ ಪಾಠ ಹೇಳುವ ಅವಕಾಶವೂ ಒದಗಿತು. 1837ರಲ್ಲಿ ಗ್ರಹಾಂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋದಾಗ ಯಂಗನೂ ಅವನೊಡನೆ ತೆರಳಿದನು.

ಆಂಡರ್ಸನ್ ಕಾಲೇಜು ಯಂಗನಿಗೆ ವಿದ್ಯೆಯೊಡನೆ ಇಬ್ಬರು ಸ್ನೇಹಿತರನ್ನೂ ಕೊಟ್ಟಿತು. ಒಬ್ಬನು ಮುಂದೆ ವಿಜ್ಞಾನಿಯೂ ರಾಜಕಾರಣಿಯೂ ಆಗಿ ಹೆಸರಾದ ಲಯನ್ ಪ್ಲೇಫೇರ್. ಇನ್ನೊಬ್ಬನು ಹತ್ತಿಯ ಗಿರಣಿಯಲ್ಲಿ ಕೂಲಿ ಮಾಡುತ್ತ ಬೆಳೆದು ವೈದ್ಯಶಾಸ್ತ್ರ ಕಲಿಯಲು ಬಂದಿದ್ದ ಡೇವಿಡ್ ಲಿವಿಂಗ್‌ಸ್ಟನ್. ಯಂಗನ ಕೋಣೆಯಲ್ಲಿದ್ದ ಹತಾರಗಳನ್ನು ಬಳಸುವುದನ್ನು ಲಿವಿಂಗ್‌ಸ್ಟನ್ ಅಲ್ಲಿ ಕಲಿತನು. ಮರಗೆಲಸದವನ ಮಗನಿಗೂ ಗಿರಣಿಯ ಕೂಲಿಕಾರನಿಗೂ ಆಗ ಕುದುರಿದ ಗೆಳೆತನ ಕೊನೆಯವರೆಗೂ ಅಳಿಯಲಿಲ್ಲ.

ಓದು ಮುಗಿಸಿದ ಯಂಗ್ 1839ರಲ್ಲಿ ನ್ಯೂಟನ್-ಲಿ-ವಿಲೋಸ್ ಎಂಬಲ್ಲಿದ್ದ ರಾಸಾಯನಿಕ ಕಾರ್ಖಾನೆಯೊಂದರ ವ್ಯವಸ್ಥಾಪಕನಾದನು. 1844ರಲ್ಲಿ ಮ್ಯಾಂಚೆಸ್ಟರಿನ ಇನ್ನೊಂದು ಕಾರ್ಖಾನೆಗೆ ಬಂದನು. 1847ರ ಕೊನೆಯಲ್ಲಿ ಪ್ಲೇಫೇರನಿಂದ ಅವನಿಗೆ ಒಂದು ಪತ್ರ ಬಂದಿತು. ಡರ್ಬಿಷೈರ್ ಪ್ರಾಂತದ ರಿಡಿಂಗ್ಸ್ ಎಂಬಲ್ಲಿಯ ಕಲ್ಲಿದ್ದಲು ಗಣಿಯೊಂದರಲ್ಲಿ ಕಪ್ಪಗಿನ ಮಂದವಾದ ಎಣ್ಣೆ ಜಿನುಗುತ್ತಿದೆ, ಅದರಿಂದ ಏನಾದರೂ ಪ್ರಯೋಜನವಾದೀತೇ ಪರೀಕ್ಷಿಸು ಎಂಬುದು ಅದರ ಸಾರಾಂಶ. ಗಣಿಯವರಿಗೆ ಈ ಎಣ್ಣೆ ಒಂದು ಉಪದ್ರವವಾಗಿತ್ತು. ಯಂಗ್ ಅದನ್ನು ತರಿಸಿ ಭಟ್ಟಿ ಇಳಿಸಿದನು. ದೀಪಕ್ಕೆ ಯೋಗ್ಯವಾದ ತೆಳುವಾದ ಎಣ್ಣೆಯೂ, ಯಂತ್ರಗಳ ಕೀಲುಗಳಿಗೆ ಒಪ್ಪುವ ಗಟ್ಟಿಯಾದ ಎಣ್ಣೆಯೂ ಅದರಿಂದ ದೊರೆತವು. 1848ರಲ್ಲಿ ಅವನು ನೌಕರಿಯನ್ನು ಬಿಟ್ಟು, ಎಡ್ವರ್ಡ್ ಮೆಲ್ಡ್ರಮ್ ಎಂಬುವನ ಜೊತೆಗೂಡಿ ಈ ಎಣ್ಣೆಯನ್ನು ಶುದ್ಧಿಮಾಡಿ ಮಾರುವ ಸಣ್ಣ ವ್ಯವಹಾರವನ್ನು ಆರಂಭಿಸಿದನು.

ಆದರೆ ಕೆಲವೇ ವರ್ಷಗಳಲ್ಲಿ ರಿಡಿಂಗ್ಸಿನ ಒರತೆ ಬತ್ತತೊಡಗಿತು. ಬೇರೊಬ್ಬನಾಗಿದ್ದರೆ ವ್ಯವಹಾರವನ್ನು ಮುಚ್ಚಿ ಮತ್ತೆ ನೌಕರಿಯನ್ನು ಅರಸುತ್ತಿದ್ದನೋ ಏನೋ. ಯಂಗ್ ಎದೆಗುಂದದೆ, ಈ ಎಣ್ಣೆ ಎಲ್ಲಿಂದ ಬಂದಿತೆಂದು ಚಿಂತಿಸಿದನು. ಗಣಿಯ ಚಾವಣಿಯ ಮರಳುಗಲ್ಲಿನಿಂದ ಅದು ತೊಟ್ಟಿಕ್ಕುತ್ತಿದ್ದುದನ್ನು ಅವನು ಕಂಡಿದ್ದನು. ಭೂಮಿಯ ಒಳಗಿನ ಶಾಖದಿಂದ ಕಲ್ಲಿದ್ದಲು ಮೆಲ್ಲನೆ ಬೆಂದು, ಅದರ ಆವಿ ಮೇಲಕ್ಕೇರಿ, ತಣಿದು ಎಣ್ಣೆಯಾಗಿರಬೇಕೆಂದು ಅವನು ಊಹಿಸಿದನು. ಹಾಗಿದ್ದರೆ ನಿಸರ್ಗ ಮಾಡಿದ ಕೆಲಸವನ್ನು ಮನುಷ್ಯನೇಕೆ ಮಾಡಬಾರದು? ಆ ಊಹೆ ರಿಡಿಂಗ್ಸಿನ ಮಟ್ಟಿಗೆ ಪೂರ್ಣವಾಗಿ ಸರಿಯೋ ಅಲ್ಲವೋ, ಪ್ರಯೋಗಕ್ಕೆ ಮಾತ್ರ ದಾರಿ ತೆರೆಯಿತು.

ಅಂದಿನ ಅನಿಲದೀಪದ ಕಾರ್ಖಾನೆಗಳಲ್ಲಿ ಕಲ್ಲಿದ್ದಲನ್ನು ಅತಿ ಹೆಚ್ಚಿನ ಉಷ್ಣತೆಗೆ ಕಾಯಿಸುತ್ತಿದ್ದರು. ಅದರಿಂದ ಅನಿಲವೂ ಟಾರೂ ಬರುತ್ತಿದ್ದವೇ ಹೊರತು ಒಳ್ಳೆಯ ಎಣ್ಣೆ ಬರುತ್ತಿರಲಿಲ್ಲ. ಯಂಗ್ ಬಗೆಬಗೆಯ ಕಲ್ಲಿದ್ದಲುಗಳನ್ನು ತಂದು, ಬೇರೆ ಬೇರೆ ಉಷ್ಣತೆಗಳಲ್ಲಿ ಕಾಯಿಸಿ, ಬಂದ ಎಣ್ಣೆಯನ್ನು ಅಳೆದು ಬರೆದಿಟ್ಟನು. ಬೆಂಕಿಯನ್ನು ತಗ್ಗಿಸಿ, ಕಲ್ಲಿದ್ದಲು ನಸುಗೆಂಪಾಗುವ ಮಟ್ಟಕ್ಕಿಂತ ಮೀರದಂತೆ ನಿಧಾನವಾಗಿ ಕಾಯಿಸಿದಾಗ ಎಣ್ಣೆಯ ಪ್ರಮಾಣ ಹೆಚ್ಚುವುದು ಅವನಿಗೆ ತಿಳಿದುಬಂದಿತು. ಹೀಗೆ ದೊರೆತ ಎಣ್ಣೆಯನ್ನು ಗಂಧಕಾಮ್ಲದಿಂದಲೂ ಕ್ಷಾರದಿಂದಲೂ ತೊಳೆದು ಮತ್ತೆ ಭಟ್ಟಿ ಇಳಿಸಿದರೆ ದೀಪದೆಣ್ಣೆ ಸಿದ್ಧವಾಗುತ್ತಿತ್ತು. ಭಾರವಾದ ಭಾಗವನ್ನು ತಂಪುಗೊಳಿಸಿದರೆ ಬಿಳಿಯ ಮೇಣ ಹರಳುಗಟ್ಟುತ್ತಿತ್ತು. ಈ ವಿಧಾನಕ್ಕೆ ಅವನು 1850ರ ಅಕ್ಟೋಬರ್ 17ರಂದು ಪೇಟೆಂಟ್ ಪಡೆದನು.

ಇನ್ನು ಬೇಕಾಗಿದ್ದುದು ತಕ್ಕ ಖನಿಜ. ಸ್ಕಾಟ್ಲೆಂಡಿನ ಬಾತ್‌ಗೇಟ್ ಊರಿನ ಬಳಿಯ ಟಾರ್ಬೇನ್‌ಹಿಲ್ ಎಂಬಲ್ಲಿ ದೊರೆಯುತ್ತಿದ್ದ ಕಂದುಗಪ್ಪು ಖನಿಜವೊಂದು ಅವನ ಪರೀಕ್ಷೆಯಲ್ಲಿ ಎಲ್ಲವನ್ನೂ ಮೀರಿಸಿತು. ಒಂದು ಟನ್ ಖನಿಜದಿಂದ 100 ಗ್ಯಾಲನ್ನಿಗೂ ಹೆಚ್ಚು ಕಚ್ಚಾ ಎಣ್ಣೆ ಬರುತ್ತಿತ್ತು. ಯಂಗ್, ಮೆಲ್ಡ್ರಮ್ ಮತ್ತು ಎಡ್ವರ್ಡ್ ಬಿನ್ನಿ ಎಂಬ ಮೂವರು ಪಾಲುದಾರರಾಗಿ 1851ರಲ್ಲಿ ಬಾತ್‌ಗೇಟಿನಲ್ಲಿ ಕಾರ್ಖಾನೆಯನ್ನು ತೆರೆದರು. ಖನಿಜ ತೈಲವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಶುದ್ಧೀಕರಿಸಿ ಮಾರಿದ ಜಗತ್ತಿನ ಮೊದಲ ಕಾರ್ಖಾನೆಗಳಲ್ಲಿ ಇದು ಅಗ್ರಗಣ್ಯವಾದುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ತನ್ನ ಪ್ರಸಿದ್ಧವಾದ ಎಣ್ಣೆಬಾವಿಯನ್ನು ಕೊರೆದುದು ಇದಾದ ಎಂಟು ವರ್ಷಗಳ ಮೇಲೆ, 1859ರಲ್ಲಿ.

ಕಲ್ಲಿನಿಂದ ಎಣ್ಣೆ ತೆಗೆಯುವ ವಿಚಾರ ಯಂಗನಿಗಿಂತ ಹಿಂದೆ ಯಾರಿಗೂ ಹೊಳೆದಿರಲಿಲ್ಲವೆಂದು ಭಾವಿಸಬಾರದು. ಒಂದು ಬಗೆಯ ಕಲ್ಲಿನಿಂದ ಟಾರನ್ನೂ ಎಣ್ಣೆಯನ್ನೂ ತೆಗೆಯುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ 1694ರಲ್ಲಿಯೇ ಪೇಟೆಂಟ್ ನೀಡಲಾಗಿತ್ತು. ಫ್ರಾನ್ಸಿನ ಓತನ್ ಪ್ರದೇಶದಲ್ಲಿಯೂ 1830ರ ದಶಕದ ಕೊನೆಯಿಂದ ಇಂಥ ಕೆಲಸ ನಡೆದಿತ್ತು. ಯಂಗನ ಹೆಚ್ಚುಗಾರಿಕೆಯಿದ್ದುದು ತಾಳ್ಮೆಯ ಪ್ರಯೋಗದಲ್ಲಿ. ಯಾವ ಖನಿಜ, ಎಷ್ಟು ಶಾಖ, ಎಷ್ಟು ಫಲ ಎಂಬುದನ್ನು ಅಳೆದು, ಅದನ್ನು ಲಾಭದಾಯಕ ಉದ್ಯಮವಾಗಿ ನಿಲ್ಲಿಸಿದುದರಲ್ಲಿ.

ಐಶ್ವರ್ಯದ ಹಿಂದೆಯೇ ವ್ಯಾಜ್ಯಗಳೂ ಬಂದವು. ಟಾರ್ಬೇನ್‌ಹಿಲ್ಲಿನ ಜಮೀನುದಾರರು ಕಲ್ಲಿದ್ದಲು ತೆಗೆಯಲು ಗುತ್ತಿಗೆ ಕೊಟ್ಟಿದ್ದರು. ಖನಿಜದ ಬೆಲೆ ಎಷ್ಟೆಂಬುದು ತಿಳಿದ ಮೇಲೆ, ಇದು ಕಲ್ಲಿದ್ದಲೇ ಅಲ್ಲ, ಆದ್ದರಿಂದ ಗುತ್ತಿಗೆಗೆ ಸೇರುವುದಿಲ್ಲವೆಂದು ವಾದ ಹೂಡಿದರು. 1853ರಲ್ಲಿ ಎಡಿನ್‌ಬರೋ ನಗರದಲ್ಲಿ ನಡೆದ ವಿಚಾರಣೆಯಲ್ಲಿ ಹೆಸರಾಂತ ವಿಜ್ಞಾನಿಗಳು ಎರಡು ಪಕ್ಷಗಳಾಗಿ ಸಾಕ್ಷ್ಯ ನುಡಿದರು. ಒಂದೇ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೆಲವರು ಕಲ್ಲಿದ್ದಲೆಂದರು, ಕೆಲವರು ಅಲ್ಲವೆಂದರು. ಕೊನೆಗೆ ಗುತ್ತಿಗೆಯ ಅರ್ಥದಲ್ಲಿ ಅದು ಕಲ್ಲಿದ್ದಲೇ ಎಂದು ಪಂಚರು ತೀರ್ಮಾನಿಸಿದರು. ಯಂಗನ ಪೇಟೆಂಟನ್ನು ಉಲ್ಲಂಘಿಸಿ ಎಣ್ಣೆ ತೆಗೆದವರ ಮೇಲೆ ಅವನೂ ಮೊಕದ್ದಮೆಗಳನ್ನು ಹೂಡಬೇಕಾಯಿತು. ಅವುಗಳಲ್ಲಿ ಮುಖ್ಯವಾದುದರ ತೀರ್ಪು 1864ರಲ್ಲಿ ಅವನ ಪರವಾಗಿ ಬಂದಿತು. ಪೇಟೆಂಟಿನ ಅವಧಿ ಮುಗಿದುದೂ ಅದೇ ವರ್ಷ.

ಇಷ್ಟರಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಟಾರ್ಬೇನ್‌ಹಿಲ್ಲಿನ ಉತ್ಕೃಷ್ಟ ಖನಿಜ ವೇಗವಾಗಿ ಮುಗಿಯುತ್ತ ಬಂದಿತು. ಆಗ ಎಣ್ಣೆ ತಯಾರಕರ ದೃಷ್ಟಿ ಆ ಪ್ರದೇಶದಲ್ಲಿ ಹೇರಳವಾಗಿದ್ದ ತೈಲಶಿಲೆಯತ್ತ ತಿರುಗಿತು. ಇಂಗ್ಲಿಷಿನಲ್ಲಿ ಆಯಿಲ್ ಶೇಲ್ ಎಂದು ಕರೆಯುವ ಈ ಶಿಲೆ ಹಾಳೆಹಾಳೆಯಾಗಿ ಸೀಳಬಹುದಾದ, ಜೇಡಿಯಿಂದಾದ ಗಟ್ಟಿ ಕಲ್ಲು. ಮೂವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿದ್ದ ಸರೋವರಗಳ ತಳದಲ್ಲಿ ಪಾಚಿಯೂ ಕೆಸರೂ ಕೂಡಿ ಪದರಪದರವಾಗಿ ಸಂಚಯಗೊಂಡು ಈ ಶಿಲೆಯಾಯಿತು. ಹೆಸರಿನಲ್ಲಿ ತೈಲವಿದ್ದರೂ ಇದನ್ನು ಹಿಂಡಿದರೆ ಎಣ್ಣೆ ಬರುವುದಿಲ್ಲ. ಇದರೊಳಗಿರುವುದು ಕೆರೋಜನ್ ಎಂಬ ಘನವಾದ ಸಾವಯವ ವಸ್ತು. ಗಾಳಿ ಸೋಕದಂತೆ ಮುಚ್ಚಿದ ರಿಟಾರ್ಟ್ ಎಂಬ ಪಾತ್ರೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾಯಿಸಿದಾಗ ಕೆರೋಜನ್ ಒಡೆದು ಆವಿಯಾಗಿ, ತಣಿದಾಗ ಎಣ್ಣೆಯಾಗುತ್ತದೆ. ಇತ್ತೀಚಿನ ದಿನಗಳಲ್ಲಿ ಅಮೆರಿಕದಲ್ಲಿ ಆಳವಾದ ಶಿಲೆಗಳನ್ನು ನೀರಿನ ಒತ್ತಡದಿಂದ ಬಿರಿಯಿಸಿ ತೆಗೆಯುವ ಎಣ್ಣೆ ಬೇರೆ. ಅಲ್ಲಿ ಎಣ್ಣೆ ಮೊದಲೇ ದ್ರವವಾಗಿರುತ್ತದೆ.

1865ರಲ್ಲಿ ಯಂಗ್ ಪಾಲುದಾರರ ಭಾಗಗಳನ್ನು ಕೊಂಡುಕೊಂಡು, ವೆಸ್ಟ್ ಕಾಲ್ಡರ್ ಊರಿನ ಸಮೀಪದ ಆಡಿವೆಲ್ ಎಂಬಲ್ಲಿ ಮತ್ತಷ್ಟು ದೊಡ್ಡ ಕಾರ್ಖಾನೆಯನ್ನು ಕಟ್ಟಿಸಲು ತೊಡಗಿದನು. 1866ರಲ್ಲಿ ಈ ಸಮಸ್ತ ಉದ್ಯಮವನ್ನು ಹೊಸದಾಗಿ ಸ್ಥಾಪಿತವಾದ ಕಂಪನಿಗೆ 4,00,000 ಪೌಂಡುಗಳಿಗೆ ಮಾರಿದನು. ಒಂದು ಕಾಲದಲ್ಲಿ ತಂದೆಯ ಜೊತೆ ಹಲಗೆ ಹದಗೊಳಿಸುತ್ತಿದ್ದ ಯುವಕ ಈಗ ದೇಶದ ಶ್ರೀಮಂತರಲ್ಲಿ ಒಬ್ಬನಾಗಿದ್ದನು.

ಆದರೆ ತೈಲಶಿಲೆಯ ಉದ್ಯಮಕ್ಕೆ ನಿಜವಾದ ಪರೀಕ್ಷೆ ಆಗ ಆರಂಭವಾಯಿತು. ಅಮೆರಿಕದ ಬಾವಿಗಳಿಂದ ತಾನಾಗಿಯೇ ಮೇಲೆ ಬಂದ ಎಣ್ಣೆ ಹಡಗುಗಳಲ್ಲಿ ಬಂದು ಅಗ್ಗವಾಗಿ ಮಾರಾಟವಾಗತೊಡಗಿತು. ಇತ್ತ ಸ್ಕಾಟ್ಲೆಂಡಿನಲ್ಲಿ ಶಿಲೆಯನ್ನು ಗಣಿಯಿಂದ ಅಗೆಯಬೇಕು, ಪುಡಿಮಾಡಬೇಕು, ಕಲ್ಲಿದ್ದಲನ್ನೋ ಅನಿಲವನ್ನೋ ಉರಿಸಿ ಕಾಯಿಸಬೇಕು, ಉಳಿದ ಬೂದಿಯನ್ನು ಸಾಗಿಸಬೇಕು. ಇಷ್ಟೆಲ್ಲ ಮಾಡಿದರೂ ಟಾರ್ಬೇನ್‌ಹಿಲ್ಲಿನ ಖನಿಜ ಕೊಡುತ್ತಿದ್ದ ಎಣ್ಣೆಯಲ್ಲಿ ಒಂದು ಭಾಗ ಮಾತ್ರ ತೈಲಶಿಲೆಯಿಂದ ದೊರೆಯುತ್ತಿತ್ತು. ಅನೇಕ ಸಣ್ಣ ಕಂಪನಿಗಳು ಮುಚ್ಚಿಹೋದವು. ಉಳಿದವು ಎಣ್ಣೆಯೊಂದನ್ನೇ ನೆಚ್ಚದೆ, ಮೇಣದ ಬತ್ತಿಗಳನ್ನೂ, ಶಿಲೆಯಲ್ಲಿದ್ದ ಸಾರಜನಕದಿಂದ ಅಮೋನಿಯಂ ಸಲ್ಫೇಟ್ ಎಂಬ ಗೊಬ್ಬರವನ್ನೂ ತಯಾರಿಸಿ ಬದುಕಿಕೊಂಡವು. ಒಂದು ಕಲ್ಲಿನಿಂದ ದೀಪಕ್ಕೆ ಎಣ್ಣೆ, ಯಂತ್ರಕ್ಕೆ ಎಣ್ಣೆ, ಮನೆಗೆ ಮೇಣದ ಬತ್ತಿ, ಹೊಲಕ್ಕೆ ಗೊಬ್ಬರ ಇಷ್ಟನ್ನೂ ಪಡೆದುದರಿಂದಲೇ ಆ ಉದ್ಯಮ ನೂರು ವರ್ಷಗಳಷ್ಟು ಕಾಲ ಉಳಿಯಿತು. 1913ರಲ್ಲಿ ಅಲ್ಲಿ 30 ಲಕ್ಷ ಟನ್ನಿಗೂ ಹೆಚ್ಚು ಶಿಲೆಯನ್ನು ಅಗೆಯಲಾಯಿತು. ಅನಂತರ ಇಳಿಮುಖವಾಗಿ, 1962ರಲ್ಲಿ ಅದು ನಿಂತುಹೋಯಿತು.

ಈ ಬೆಳಕಿಗೆ ತೆತ್ತ ಬೆಲೆ ಹಣದ ಲೆಕ್ಕದಲ್ಲಿ ಮಾತ್ರ ಇರಲಿಲ್ಲ. ಕಚ್ಚಾ ಎಣ್ಣೆಯೊಡನೆ ಸದಾ ಒಡನಾಡುತ್ತಿದ್ದ ಕೆಲಸಗಾರರಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು ಎಡಿನ್‌ಬರೋ ನಗರದ ವೈದ್ಯ ಜೋಸೆಫ್ ಬೆಲ್ 1876ರಲ್ಲಿ ಬರೆದು ತಿಳಿಸಿದನು. 1947ರ ಜನವರಿಯಲ್ಲಿ ವೆಸ್ಟ್ ಕಾಲ್ಡರಿನ ಬರ್ನ್‌ಗ್ರೇಂಜ್ ಗಣಿಯಲ್ಲಿ ನಡೆದ ಸ್ಫೋಟ ಮತ್ತು ಬೆಂಕಿಯಿಂದ 15 ಮಂದಿ ಗಣಿಕಾರ್ಮಿಕರು ಪ್ರಾಣ ಕಳೆದುಕೊಂಡರು. ಎಣ್ಣೆ ತೆಗೆದ ಮೇಲೆ ಶಿಲೆಯ ಬಹುಭಾಗ ಕೆಂಪು ಬೂದಿಗಲ್ಲಾಗಿ ಉಳಿಯುತ್ತಿತ್ತು. ಅದನ್ನು ಸುರಿದ ರಾಶಿಗಳು ಬೆಟ್ಟಗಳಂತೆ ಬೆಳೆದು ಇಂದಿಗೂ ನಿಂತಿವೆ. ವೆಸ್ಟ್ ಕಾಲ್ಡರಿನ ಬಳಿ ಸಾಲಾಗಿರುವ ಅಂಥ ಐದು ಗುಡ್ಡಗಳಿಗೆ ಜನರು ಐವರು ಅಕ್ಕತಂಗಿಯರು ಎಂದು ಹೆಸರಿಟ್ಟಿದ್ದಾರೆ. ಅವನ್ನು ಈಗ ಚಾರಿತ್ರಿಕ ಸ್ಮಾರಕವಾಗಿ ಸಂರಕ್ಷಿಸಲಾಗಿದೆ.

ಉದ್ಯಮದಿಂದ ದೂರ ಸರಿದ ಯಂಗ್ ಸಂಪತ್ತನ್ನು ಕೂಡಿಡುವುದರಲ್ಲಿ ಕಾಲ ಕಳೆಯಲಿಲ್ಲ. 1868ರಿಂದ 1877ರವರೆಗೆ ಅವನು ತಾನು ಓದಿದ ಆಂಡರ್ಸನ್ ಕಾಲೇಜಿನ ಅಧ್ಯಕ್ಷನಾಗಿದ್ದನು. 1870ರಲ್ಲಿ ಅಲ್ಲಿ ಕೈಗಾರಿಕಾ ರಸಾಯನಶಾಸ್ತ್ರದ ಪೀಠವೊಂದನ್ನು ತನ್ನ ಹಣದಿಂದ ಸ್ಥಾಪಿಸಿದನು. ಗುರು ಗ್ರಹಾಮನ ಪ್ರತಿಮೆಯನ್ನು ಗ್ಲಾಸ್ಗೋ ನಗರದ ಜಾರ್ಜ್ ಚೌಕದಲ್ಲಿ ನಿಲ್ಲಿಸಿದುದೂ ಅವನ ಔದಾರ್ಯದ ಫಲವೇ. ಗೆಳೆಯ ಲಿವಿಂಗ್‌ಸ್ಟನ್ನನ ಆಫ್ರಿಕ ಪ್ರವಾಸಗಳಿಗೆ ಅವನು ಧಾರಾಳವಾಗಿ ಹಣ ಒದಗಿಸಿದನು. 1873ರಲ್ಲಿ ಲಿವಿಂಗ್‌ಸ್ಟನ್ ಮಧ್ಯ ಆಫ್ರಿಕದಲ್ಲಿ ನಿಧನನಾದಾಗ, ಅವನ ನಂಬಿಕೆಯ ಸಂಗಡಿಗರಾದ ಚೂಮಾ ಮತ್ತು ಸೂಸಿ ಇತರರೊಡನೆ ಸೇರಿ ಆ ದೇಹವನ್ನು ಬಹುದೂರ ಕಾಡುಮೇಡುಗಳಲ್ಲಿ ಹೊತ್ತು ಕಡಲತೀರಕ್ಕೆ ತಂದರು. ಆ ಇಬ್ಬರನ್ನು 1874ರಲ್ಲಿ ತನ್ನ ಖರ್ಚಿನಲ್ಲಿ ಬ್ರಿಟನ್ನಿಗೆ ಕರೆಸಿಕೊಂಡವನು ಯಂಗ್.

ವಿಜ್ಞಾನದ ಆಸಕ್ತಿಯೂ ಅವನಲ್ಲಿ ಕುಂದಲಿಲ್ಲ. ಕಬ್ಬಿಣದ ಹಡಗುಗಳ ತಳದಲ್ಲಿ ನಿಲ್ಲುವ ನೀರು ಆಮ್ಲಗುಣವುಳ್ಳದ್ದಾಗಿ ಕಬ್ಬಿಣವನ್ನು ತಿನ್ನುವುದನ್ನು 1872ರಲ್ಲಿ ಗಮನಿಸಿ, ಅದಕ್ಕೆ ಸುಣ್ಣ ಬೆರೆಸಿದರೆ ತುಕ್ಕನ್ನು ತಡೆಯಬಹುದೆಂದು ತೋರಿಸಿದನು. 1873ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಜಾರ್ಜ್ ಫೋರ್ಬ್ಸ್ ಎಂಬ ವಿಜ್ಞಾನಿಯೊಡನೆ ಬೆಳಕಿನ ವೇಗವನ್ನು ಅಳೆಯುವ ಪ್ರಯೋಗಗಳನ್ನೂ ಕೈಗೊಂಡನು. ನೀಲಿ ಬೆಳಕು ಕೆಂಪು ಬೆಳಕಿಗಿಂತ ವೇಗವಾಗಿ ಚಲಿಸುತ್ತದೆಂಬ ಅವರ ತೀರ್ಮಾನ ಮುಂದೆ ತಪ್ಪೆಂದು ಸಿದ್ಧವಾಯಿತು. ಎಪ್ಪತ್ತರ ಅಂಚಿನಲ್ಲಿಯೂ ಹೊಸ ಪ್ರಯೋಗಕ್ಕೆ ಕೈಹಾಕಿದ ಅವನ ಉತ್ಸಾಹವನ್ನಂತೂ ಮೆಚ್ಚಲೇಬೇಕು. 1883ರ ಮೇ 13ರಂದು ವೆಮಿಸ್ ಬೇ ಎಂಬಲ್ಲಿಯ ತನ್ನ ಕೆಲ್ಲಿ ನಿವಾಸದಲ್ಲಿ ಯಂಗ್ ಕೊನೆಯುಸಿರೆಳೆದನು. ಸಮೀಪದ ಇನ್ವರ್‌ಕಿಪ್ ಊರಿನಲ್ಲಿ ಅವನ ಸಮಾಧಿಯಿದೆ.

ಯಂಗ್ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಎಣ್ಣೆಗೆ ಕೊರತೆ ಬಂದಾಗಲೆಲ್ಲ ಲೋಕ ಮತ್ತೆ ಮತ್ತೆ ತೈಲಶಿಲೆಯತ್ತ ನೋಡಿದೆ. ಎಸ್ತೋನಿಯ ದೇಶವು ಇದನ್ನೇ ಉರಿಸಿ ಹಲವು ದಶಕಗಳ ಕಾಲ ತನ್ನ ವಿದ್ಯುತ್ತಿನ ಬಹುಭಾಗವನ್ನು ಪಡೆಯಿತು. ಚೀನದ ಫುಶುನ್ ಪಟ್ಟಣದಲ್ಲಿಯೂ ಶಿಲೆಯಿಂದ ಎಣ್ಣೆ ತೆಗೆಯಲಾಯಿತು. ಅಮೆರಿಕದ ಕೊಲರಾಡೊ, ಯೂಟಾ, ವಯೋಮಿಂಗ್ ರಾಜ್ಯಗಳಲ್ಲಿ ಹಬ್ಬಿರುವ ಗ್ರೀನ್ ರಿವರ್ ಶಿಲಾಸ್ತರದಲ್ಲಿ ಒಟ್ಟು ನಾಲ್ಕು ಲಕ್ಷ ಕೋಟಿ ಬ್ಯಾರಲ್ಲಿಗೂ ಹೆಚ್ಚು ಎಣ್ಣೆ ಅಡಗಿದೆಯೆಂದು ಅಲ್ಲಿಯ ಭೂವಿಜ್ಞಾನ ಇಲಾಖೆ ಅಂದಾಜು ಮಾಡಿದೆ. 1973ರಲ್ಲಿ ಎಣ್ಣೆಯ ಬೆಲೆ ಒಮ್ಮೆಲೆ ಏರಿದ ಮೇಲೆ ಅಲ್ಲಿ ಭಾರಿ ಯೋಜನೆಗಳು ತಲೆಯೆತ್ತಿದವು. ಬೆಲೆ ಇಳಿಮುಖವಾದೊಡನೆ ಕೊಲರಾಡೊದ ಅತಿ ದೊಡ್ಡ ಯೋಜನೆಯನ್ನು 1982ರ ಮೇ 2ರಂದು ಕೈಬಿಡಲಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು.

ಇದರಿಂದ ತಿಳಿಯಬೇಕಾದ ಒಂದು ಸಂಗತಿಯುಂಟು. ನೆಲದೊಳಗೆ ಎಷ್ಟು ಇದೆ ಎಂಬುದು ಒಂದು ಲೆಕ್ಕ. ಅದರಲ್ಲಿ ಎಷ್ಟು ಕೈಗೆ ದಕ್ಕುತ್ತದೆ ಎಂಬುದು ಇನ್ನೊಂದು ಲೆಕ್ಕ. ಒಂದು ಟನ್ ಶಿಲೆಯಿಂದ ಎಷ್ಟು ಎಣ್ಣೆ ಬರುತ್ತದೆ, ಅದನ್ನು ತೆಗೆಯಲು ಎಷ್ಟು ಇಂಧನವೂ ನೀರೂ ವೆಚ್ಚವಾಗುತ್ತವೆ, ಉಳಿದ ಬೂದಿಯನ್ನು ಎಲ್ಲಿಡಬೇಕು, ವಾಯುಮಂಡಲಕ್ಕೆ ಎಷ್ಟು ಇಂಗಾಲದ ಡೈ ಆಕ್ಸೈಡ್ ಸೇರುತ್ತದೆ, ದುಡಿಯುವವರ ಆರೋಗ್ಯ ಏನಾಗುತ್ತದೆ ಎಂಬುದನ್ನೆಲ್ಲ ತೂಗಿ ನೋಡಿದ ಮೇಲೆಯೇ ಒಂದು ಇಂಧನದ ಬೆಲೆ ಕಟ್ಟಬೇಕು. ಯಂಗನ ಕಾಲದಲ್ಲಿ ಈ ಲೆಕ್ಕದ ಮೊದಲ ಕೆಲವು ಸಾಲುಗಳನ್ನು ಮಾತ್ರ ಬರೆಯಲಾಗಿತ್ತು. ಉಳಿದ ಸಾಲುಗಳು ಗಣಿಕಾರ್ಮಿಕರ ಬಾಳಿನಲ್ಲಿಯೂ ಕೆಂಪು ಗುಡ್ಡಗಳಲ್ಲಿಯೂ ಮೂಡಿದವು.

ಆದರೂ ಯಂಗನ ಸಾಧನೆ ಸಣ್ಣದಲ್ಲ. ಒರತೆ ಬತ್ತಿದಾಗ ಕೈಕಟ್ಟಿ ಕೂರದೆ ಕಾರಣವನ್ನು ಹುಡುಕಿದವನು, ಊಹೆಯನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದವನು, ಗಳಿಸಿದುದನ್ನು ವಿದ್ಯೆಗೂ ಸ್ನೇಹಕ್ಕೂ ಧಾರೆಯೆರೆದವನು ಅವನು. ಸಂಜೆಯ ತರಗತಿಗೆ ನಡೆದುಬಂದ ಮರಗೆಲಸದ ಹುಡುಗನೊಬ್ಬನ ಶ್ರದ್ಧೆಯಿಂದ ಎಷ್ಟೋ ಬಡವರ ಮನೆಗಳಲ್ಲಿ ದೀಪ ಹೊತ್ತಿತು. ದಿನದ ದುಡಿಮೆ ಮುಗಿಸಿ ಬಂದವರಿಗೆ ರಾತ್ರಿಯ ಹೊತ್ತು ಪುಸ್ತಕ ಬಿಡಿಸುವ ಅವಕಾಶ ದೊರೆಯಿತು.